ಮುದ್ದೇಬಿಹಾಳದ ಪೋರ್ಟಿಗೆ ಸೋಮವಾರ

೧೯೯೧ರಲ್ಲಿ ಏಳನೆಯ ಇಯತ್ತೆ ಮುಗಿಸಿ ಶಾಲೆಗೆ ಶರಣು ಹೊಡೆದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ನನ್ನ ರೂಢಿ. ಬೇರೆಯವರು ಹೇಳುವ ಶ್ರಮ ಉಳಿಯುತ್ತದೆ. ಕಂಬ ಹತ್ತಿದೆ, ಕೇಬಲ್ ಎಳೆದೆ, ನೋಡಿ ನೋಡಿಯೇ ಕಲಿತೆ. ಈಗ ಬಸವನ ಬಾಗೇವಾಡಿಯ ಒಂದು ಬೀಜ-ಗೊಬ್ಬರದ ಕಂಪನಿಯಲ್ಲಿ ಕುರ್ಚಿಯ ಮೇಲೆ ಕೂತು, ಇಂಡಿ, ಸಿಂದಗಿ, ಮುದ್ದೇಬಿಹಾಳದ ಗೋದಾಮುಗಳ ಕಂಪ್ಯೂಟರುಗಳನ್ನು ನಮ್ಮ ಆಫೀಸಿಗೆ ಜೋಡಿಸುವ ಮೂರು ಫ್ರೇಮ್ ರಿಲೇ ಪೋರ್ಟುಗಳನ್ನು, ಅಂದರೆ ಹಳೆಯ ಕಾಲದ ಡೇಟಾ ಲೈನುಗಳ ತುದಿಗಳನ್ನು, ಕಾಯುತ್ತೇನೆ. ಊರಿಗೆಲ್ಲ ಫೈಬರ್ ಬಂದು ವರ್ಷಗಳಾದವು. ನಮ್ಮ ಸಾವಕಾರರದು ಮಾತ್ರ ಒಂದೇ ಮಾತು: “ನಡಿಯೂ ಗಾಡಿ ಯಾಕ ಮಾರಬೇಕೋ?”

ಈ ಕೆಲಸ ಕೇಳಲು ದೊಡ್ಡದು, ತಿಳಿದವರಿಗೆ ಸಣ್ಣದು. ಪರದೆಯ ಮೇಲೆ ಮೂರೇ ಮಾತು ಬರುತ್ತವೆ. ‘ಆ್ಯಕ್ಟಿವ್’ ಅಂದರೆ ಎರಡೂ ತುದಿ ಕ್ಷೇಮ. ‘ಇನ್ಯಾಕ್ಟಿವ್’ ಅಂದರೆ ನಮ್ಮ ತುದಿ ಕ್ಷೇಮ, ಆಚೆಯವರು ಮಾತಾಡುತ್ತಿಲ್ಲ. ‘ಡಿಲೀಟೆಡ್’ ಅಂದರೆ ನಡುವೆ ಟೆಲಿಫೋನ್ ಕಚೇರಿಯಲ್ಲಿರುವ ಸ್ವಿಚ್ಚಿಗೆ ನಮ್ಮ ಗುರುತೇ ಇಲ್ಲ. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವರ್ಷ ನಾನು ಪಂಚಮಿಗೆ ಅತ್ತೆಯ ಮನೆಗೆ ಹೋಗದೆ ಉಳಿದಾಗ ಹೆಂಡತಿ ಎಂಟು ದಿನ ಇನ್ಯಾಕ್ಟಿವ್. ಅತ್ತೆಯವರ ಪಾಲಿಗಂತೂ ನಾನೇ ಡಿಲೀಟೆಡ್. ಮೂರರಲ್ಲಿ ನನಗೆ ಪ್ರೀತಿಯದು ಇನ್ಯಾಕ್ಟಿವ್. ಅದರಲ್ಲಿ ತಪ್ಪು ಯಾವಾಗಲೂ ಆಚೆಯವರದು.

ಈಚೆಗೆ ಮುದ್ದೇಬಿಹಾಳ ಒಂದು ಹೊಸ ಆಟ ಹೂಡಿತು. ಪ್ರತಿ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಇನ್ಯಾಕ್ಟಿವ್. ಎರಡಕ್ಕೆ ತಾನೇ ಎದ್ದು ಕೂಡುವುದು. ಅಲ್ಲಿಯ ಗೋದಾಮನ್ನೂ ಲೈನಿನ ಆ ತುದಿಯ ಮಷೀನನ್ನೂ ಕಾಯುವ ಶಂಕ್ರಪ್ಪ ಕಾಕಾಗೆ ಫೋನು ಹಚ್ಚಿ, “ಮಷೀನು ಹ್ಯಾಂಗೈತ್ರಿ?” ಎಂದರೆ, “ಭಾಳ ಚಲೋ ಐತಿ, ಏನ್ ಕಾಳಜಿ ಮಾಡಬ್ಯಾಡ” ಎಂಬ ಉತ್ತರ. ಮೂರನೆಯ ಸೋಮವಾರ ಹೊಸ ಮ್ಯಾನೇಜರ್ ಮೇಡಂ ಬಂದು ನನ್ನ ಬೆನ್ನ ಹಿಂದೆ ನಿಂತರು.

“ಕಾರಣ ಏನ್ರಿ?”

“ಇನ್ಯಾಕ್ಟಿವ್ ಐತ್ರಿ ಮೇಡಂ. ತಪ್ಪು ಆ ಕಡೀದು.”

“ಮೂರು ವಾರದಿಂದ ಇದನ್ನ ಹೇಳಾಕತ್ತೀರಿ. ಸರ್ಟಿಫಿಕೇಟ್ ಇದ್ದವ್ರನ್ನ ಕರಸೂಣೇನು?”

ಆ ಮಾತು ನಾಟಿತು. “ತಪ್ಪು ನಮ್ಮ ಕಡೀದಾದ್ರ ಈ ಕುರ್ಚಿ ಬಿಟ್ಟೇಳ್ತೇನ್ರಿ” ಎಂದುಬಿಟ್ಟೆ. ಕಂಬದಿಂದ ಇಳಿದು ಆ ಕುರ್ಚಿಗೆ ಬರಲು ನನಗೆ ಇಪ್ಪತ್ತು ವರ್ಷ ಹಿಡಿದಿತ್ತು. ನಾಲಿಗೆಗೆ ಅದೇನು ಗೊತ್ತು!

ಮುಂದಿನ ಸೋಮವಾರ ಇಬ್ಬರೂ ಜೀಪಿನಲ್ಲಿ ಹೊರಟೆವು. ನಾನು ದಾರಿಯುದ್ದಕ್ಕೂ ಎದೆ ಸೆಟೆಸಿ ಕೂತಿದ್ದೆ. ಗೋದಾಮಿಗೆ ಮುಟ್ಟಿದಾಗ ಹನ್ನೆರಡಕ್ಕೆ ಐದು ನಿಮಿಷ. ಕಾಕಾ ಒಣ ಅರಿವೆಯಿಂದ ಮಷೀನು ಒರೆಸಿದ, ವಿಭೂತಿ ಎಳೆದ, ಚೆಂಡು ಹೂವು ಏರಿಸಿದ, ಕೈ ಮುಗಿದ. ಆಮೇಲೆ ಸ್ವಿಚ್ಚು ಆರಿಸಿದ.

“ಏನ್ ಮಾಡಿದ್ರಿ ಕಾಕಾ!”

“ಸೋಮವಾರ ಅಲ್ಲೇನೋ ತಮ್ಮಾ? ಸೋಮವಾರ ಎತ್ತಿನ ಹೆಗಲ ಮ್ಯಾಲ ಯಾರರ ನೊಗಾ ಇಡ್ತಾರೇನು? ಇಡೀ ದಿನಾ ಬಿಟ್ರ ನಿಮಗ ತ್ರಾಸ ಆಕ್ಕೈತಿ ಅಂತ ಎರಡ ತಾಸಷ್ಟ ಬಿಡ್ತೇನಿ.”

“ಇದು ಎತ್ತಲ್ರಿ ಅಜ್ಜಾರ, ಮಷೀನು” ಎಂದರು ಮೇಡಂ.

“ನನಗೇನ್ ಗೊತ್ತವಾ? ಇದನ್ನ ಕೂಡ್ಸಿ ಹೋಗೂ ಮುಂದ ಇಂವನ ಹೇಳ್ಯಾನ, ‘ಕಾಕಾ, ಇದು ಕಂಪನಿ ಎತ್ತು, ಎತ್ತಿನಂಗ ಜ್ವಾಕಿ ಮಾಡ್ರಿ’ ಅಂತ. ಹೇಳಿದ ಮಾತು ಮೀರಾಂವ ಅಲ್ಲ ನಾ.”

ಹೌದು, ಹೇಳಿದ್ದೆ. ಹಿಂದಿನ ತಿಂಗಳು ಅಲ್ಲಿಯ ಹಳೆಯ ಮಷೀನು ಧೂಳು ತಿಂದು ಸತ್ತಾಗ ಬೇರೆಯದನ್ನು ನಾನೇ ಕೂಡಿಸಿ ಬಂದಿದ್ದೆ. ಓದಿದವರಾಗಿದ್ದರೆ ಗೋಡೆಗೆ ಒಂದು ಸೂಚನೆಯ ಕಾಗದ ಅಂಟಿಸಿ ಬರುತ್ತಿದ್ದರು. ನಾನು ಒಂದು ಮಾತು ಹೇಳಿ, ಎಂಥ ಚಲೋ ಮಾತು ಹೇಳಿದೆ ಎಂದು ಬಸ್ಸಿನಲ್ಲಿ ಮನಸ್ಸಿನೊಳಗೇ ಹಿಗ್ಗುತ್ತ ಬಂದಿದ್ದೆ.

ಮರಳುವಾಗ ನಿಡಗುಂದಿಯ ಹತ್ತಿರ ಮೇಡಂ ಕೇಳಿದರು: “ಹಂಗಾರ ತಪ್ಪು ಯಾವ ಕಡೀದ್ರಿ?” ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಅವರ ತುದಿ ಕ್ಷೇಮವಾಗಿತ್ತು, ಆಚೆಯವನು ಮಾತಾಡಲಿಲ್ಲ. “ಕುರ್ಚಿ ಇರ್ಲಿ ಬಿಡ್ರಿ” ಎಂದು ನಕ್ಕರು. “ಕಾಕಾಗ ತಿಳಿಸಿ ಹೇಳೂದು ಇನ್ನ ನಿಮ್ಮ ಕೆಲಸ.”

ಎರಡು ಸಲ ಹೋಗಿ ತಿಳಿಸಿ ಹೇಳಿದೆ. “ಎತ್ತಲ್ಲ ಅಂದಮ್ಯಾಲ ಅವತ್ತ ಎತ್ತು ಅಂತ ಯಾಕ ಅಂದಿ?” ಎಂದು ಕಾಕಾ ಕೇಳುತ್ತಾನೆ. ಏಳನೆಯ ಇಯತ್ತೆಯವರೆಗೆ ಅದಕ್ಕೆ ಉತ್ತರ ಕಲಿಸಿರಲಿಲ್ಲ.

ಎಣಿಸಿ ಹೇಳುವುದಾದರೆ, ಇವತ್ತಿಗೆ ನನ್ನ ಬಳಿ ಇರುವುದು ಒಂದು ಕುರ್ಚಿ, ಏಳು ಇಯತ್ತೆ, ಮೂರು ಪೋರ್ಟು. ಸೋಮವಾರ ಹನ್ನೆರಡರಿಂದ ಎರಡರವರೆಗೆ ಮಾತ್ರ, ಎರಡೇ ಪೋರ್ಟು.