ಮೈತುಂಬ ಕಬ್ಬಿಣ

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಬೆಳಿಗ್ಗೆ ಹತ್ತೂಕಾಲಿಗೆ ತೂಕಡಿಕೆ ನಿಂತಲ್ಲೇ ನಿದ್ದೆಹೋದ. ಅವನಿಗೆ ಬೇರೆ ಹೆಸರಿತ್ತು, ಆದರೆ ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿತ್ತು. ಕತ್ತರಿಸುವ ಯಂತ್ರ ನಿದ್ದೆಹೋಗಲಿಲ್ಲ. ನಲವತ್ತು ರಟ್ಟು ಅಡ್ಡಾದಿಡ್ಡಿ ತುಂಡಾಗಿ ಬಿದ್ದವು. ಅವನ ಬೆರಳು ಉಳಿದದ್ದೇ ಹೆಚ್ಚು.

ಮೇಸ್ತ್ರಿ ಬಂದು ರಟ್ಟನ್ನು ನೋಡಿದ, ಬೆರಳನ್ನು ನೋಡಲಿಲ್ಲ.

"ಸಂಜೆ ಐದರೊಳಗೆ ನಿಂಗೆ ಕಾಯಿಲೆ ಅಂತ ಆಸ್ಪತ್ರೆ ಚೀಟಿ ತಾ. ತಂದ್ರೆ ಲೇಬಲ್ ಅಂಟಿಸೋ ಕುರ್ಚಿ ನಿಂದು. ತರ್ಲಿಲ್ಲ ಅಂದ್ರೆ ಗೇಟಿನಾಚೆ ನಿದ್ದೆ ಮಾಡ್ಕೋ."

ಕಾಯಿಲೆ ಏನೆಂದು ಗೊತ್ತಿದ್ದರೆ ತಾನೆ ಚೀಟಿ? ಮೂರು ವರ್ಷದಿಂದ ಅವನನ್ನು ಕಂಡವರೆಲ್ಲ ಒಂದೇ ಮಾತು ಹೇಳಿದ್ದರು: ರಕ್ತ ಕಡಿಮೆ. ಕ್ಷೌರದವನು ಹೇಳಿದ, ಬಸ್ಸಿನ ಕಂಡಕ್ಟರ್ ಚಿಲ್ಲರೆ ಬದಲು ಹೇಳಿದ. ಕಾರ್ಖಾನೆಯ ಡಾಕ್ಟರಂತೂ ಕಿವಿಯಿಂದ ಫೋನು ತೆಗೆಯದೆ ಕಣ್ಣಿನ ರೆಪ್ಪೆ ಎಳೆದು ಕಬ್ಬಿಣದ ಟಾನಿಕ್ ಬರೆದ. ಒಬ್ಬನೇ ಒಬ್ಬ ಪುಣ್ಯಾತ್ಮನೂ ಬೆರಳಿಗೆ ಸೂಜಿ ಚುಚ್ಚಿ ನೋಡಲಿಲ್ಲ. ಬಾಟಲಿ ಖಾಲಿಯಾದಷ್ಟೂ ಸುಸ್ತು ಹೆಚ್ಚಿತು. ಬೆರಳ ಗೆಣ್ಣುಗಳು ಎಣ್ಣೆ ಕಾಣದ ಬಾಗಿಲಿನ ತಿರುಗಣಿಯಂತೆ ನೋಯತೊಡಗಿದವು. ಮೈ ತಾಮ್ರದ ಬಣ್ಣಕ್ಕೆ ತಿರುಗಿತು. ಅದಕ್ಕೂ ಜನ, "ಟಾನಿಕ್ ಹಿಡೀತು ನೋಡು, ಮೈಗೆ ಕಳೆ ಬಂದಿದೆ" ಎಂದರು.

ಹೋದ ವಾರ ದೊಡ್ಡಾಸ್ಪತ್ರೆಯ ಎಳೆವಯಸ್ಸಿನ ಡಾಕ್ಟರಮ್ಮ ಒಬ್ಬಳು ಮಾತ್ರ ಆ ಗೆಣ್ಣುಗಳನ್ನು ಮುಟ್ಟಿ ನೋಡಿ ರಕ್ತ ಪರೀಕ್ಷೆಗೆ ಕಳಿಸಿದ್ದಳು. ವರದಿ ಬರುವುದು ಇವತ್ತು. ಆಸ್ಪತ್ರೆಯ ಕಾರ್ಡು ತರಲು ತೂಕಡಿಕೆ ಮನೆಗೆ ಓಡಿದ. ಅಕ್ಕ ಚಮಚ ಹಿಡಿದೇ ನಿಂತಿದ್ದಳು. ಪಕ್ಕದಲ್ಲಿ ಮೇಲ್ಮನೆಯ ರಿಟೈರಾದ ಟೀಚರಮ್ಮ.

"ಎರಡು ಚಮಚ ಕುಡ್ಕೊಂಡು ಹೋಗೋ."

"ಅಕ್ಕಾ, ಹೊತ್ತಾಯ್ತು ಬಿಡೆ."

"ಎರಡೇನು ಸಾಲುತ್ತೆ, ನಾಲ್ಕು ಹಾಕು" ಎಂದರು ಟೀಚರಮ್ಮ. "ನನ್ ಸೊಸೆ ಎದ್ದು ಕೂತಿದ್ದೇ ನಾಲ್ಕು ಚಮಚಕ್ಕೆ. ಅವತ್ತಿಂದ ಜಗಳ ಆಡೋದು ಒಂದಿನಾನೂ ತಪ್ಪಿಸಿಲ್ಲ."

"ನಿಮ್ಮ ಸೊಸೆಗೆ ಮಗು ಆಗಿತ್ತು ಟೀಚರಮ್ಮ. ನಂಗೇನಾಗಿದೆ?"

"ನೋಡಿದ್ಯಾ, ಸಿಡುಕು. ಇದೂ ರಕ್ತ ಕಡಿಮೆ ಆಗಿರೋ ಲಕ್ಷಣಾನೇ."

ಇಬ್ಬರನ್ನು ತಳ್ಳುವಷ್ಟು ಶಕ್ತಿ ಅವನಲ್ಲಿರಲಿಲ್ಲ. ನಾಲ್ಕೂ ಚಮಚ ಒಳಗೆ ಹೋದವು.

ಆಸ್ಪತ್ರೆಯ ಸರದಿಯಲ್ಲಿ ಮೂರು ತಾಸು ಕೂತ ಮೇಲೆ ಡಾಕ್ಟರಮ್ಮ ವರದಿ ಓದಿ ಕನ್ನಡಕ ತೆಗೆದಳು.

"ಏನು ತಗೋತಿದ್ದೀರಿ?"

"ಕಬ್ಬಿಣದ ಟಾನಿಕ್. ಇವತ್ತು ಮನೆಯಿಂದ ಹೊರಡೋವಾಗ್ಲೂ ನಾಲ್ಕು ಚಮಚ."

"ಯಾರು ಹೇಳಿದ್ದು?"

"ಯಾರು ಹೇಳ್ಲಿಲ್ಲ ಅಂತ ಕೇಳಿ, ಬೇಗ ಮುಗಿಯುತ್ತೆ."

"ಇವತ್ತೇ ನಿಲ್ಲಿಸಿ. ನಿಮಗೆ ಕಬ್ಬಿಣ ಕಡಿಮೆ ಅಲ್ಲ, ವಿಪರೀತ ಜಾಸ್ತಿ. ಎಷ್ಟು ಹೀರಬೇಕು ಅನ್ನೋದು ನಿಮ್ಮ ಮೈಗೆ ಹುಟ್ಟಿನಿಂದಲೇ ತಿಳಿಯಲ್ಲ. ಲಿವರಲ್ಲಿ, ಕೀಲುಗಳಲ್ಲಿ ಹೋಗಿ ಕೂತಿದೆ. ಸುಸ್ತು ಅದರದ್ದೇ."

"ಔಷಧಿ?"

"ರಕ್ತ ತೆಗೆಯೋದು. ಕಬ್ಬಿಣ ಇಳಿಯೋವರೆಗೂ ವಾರಕ್ಕೊಂದು ಚೀಲ."

ತೂಕಡಿಕೆಗೆ ಮೈಯೆಲ್ಲ ಉರಿಯಿತು. ಮೂರು ವರ್ಷ ಊರೆಲ್ಲ ಸೇರಿ ಅವನನ್ನು ಗುಜರಿ ಅಂಗಡಿ ಮಾಡಿಟ್ಟಿತ್ತು. ಒಬ್ಬೊಬ್ಬರ ಬಾಯಿಗೂ ಬಾಟಲಿ ಸಮೇತ ಟಾನಿಕ್ ತುರುಕಬೇಕೆನ್ನಿಸಿತು. ಆದರೆ ಮೊದಲು ಕುರ್ಚಿ ಸಿಗಬೇಕು.

"ಕಾಯಿಲೆ ಇದೆ ಅಂತ ಒಂದು ಚೀಟಿ ಕೊಡಿ ಮೇಡಮ್. ಐದರೊಳಗೆ ತೋರಿಸ್ಬೇಕು."

"ಮೊದಲು ರಕ್ತ ತೆಗೆಸ್ಕೊಂಡು ಬನ್ನಿ, ಬರೆದು ಕೊಡ್ತೀನಿ."

ಒಂದು ಚೀಲ ರಕ್ತ ತೆಗೆಸಿಕೊಂಡು ಗೋಡೆ ಹಿಡಿದು ಬಂದರೆ ಡಾಕ್ಟರಮ್ಮ ಇಲ್ಲ, ತುರ್ತು ಕೇಸಿಗೆ ಓಡಿದ್ದಳು. ಗಂಟೆ ನಾಲ್ಕೂಕಾಲು. ಅವನು ರಕ್ತ ತೆಗೆದ ಕೋಣೆಗೇ ಮರಳಿ ಅಲ್ಲಿನ ಗುಮಾಸ್ತನ ಮುಂದೆ ನಿಂತ.

"ಸಾರ್, ಚೀಟಿ ಬೇಕಿತ್ತು. ಕೆಲಸದ ಪ್ರಶ್ನೆ."

"ಅದಕ್ಯಾಕೆ ಅಳ್ತೀಯಪ್ಪ? ಇಲ್ಲಿ ರಕ್ತ ತೆಗೆಸ್ಕೊಂಡೋರಿಗೆಲ್ಲ ಚೀಟಿ ಇದೆ" ಎಂದು ಗುಮಾಸ್ತ ಅಚ್ಚಾದ ಹಾಳೆಯೊಂದನ್ನು ಎಳೆದು, ಹೆಸರು ತುಂಬಿ, ಮೊಹರನ್ನು ದಪ್ಪನೆ ಒತ್ತಿದ.

ತೂಕಡಿಕೆಗೆ ಅಕ್ಷರಗಳೆಲ್ಲ ಎರಡೆರಡಾಗಿ ಕಾಣುತ್ತಿದ್ದವು. ಮೊಹರು ಕಂಡಿತು, ಅಷ್ಟು ಸಾಕಿತ್ತು.

ಐದಕ್ಕೆ ನಾಲ್ಕು ನಿಮಿಷವಿರುವಾಗ ಅವನು ಮೇಸ್ತ್ರಿಯ ಮೇಜಿನ ಮೇಲೆ ಚೀಟಿಯಿಟ್ಟು, ಹಾಗೇ ಮೇಜನ್ನು ಹಿಡಿದು ನಿಂತ. ಮೇಸ್ತ್ರಿ ಎಲ್ಲರಿಗೂ ಕೇಳುವಂತೆ ಓದಿದ.

"ಈ ವ್ಯಕ್ತಿಯು ಪೂರ್ಣ ಆರೋಗ್ಯವಂತನೆಂದು ಖಚಿತಪಟ್ಟ ನಂತರ, ಸ್ವಇಚ್ಛೆಯಿಂದ ರಕ್ತದಾನ ಮಾಡಿರುತ್ತಾನೆ."

ಕೆಲಸಗಾರರು ಚಪ್ಪಾಳೆ ತಟ್ಟಿದರು.

"ದಾನ ಅಲ್ಲ ಸಾರ್, ಚಿಕಿತ್ಸೆ ಅದು. ನಂಗೆ ಕಬ್ಬಿಣ ಜಾಸ್ತಿ ಆಗಿದೆ."

"ಜಾಸ್ತಿ ಇರೋದಕ್ಕೆ ತಾನೆ ಹಂಚ್ತಿರೋದು. ಇಷ್ಟು ಗಟ್ಟಿ ಆಳು ಮೂರು ವರ್ಷ ನಾಟಕ ಆಡಿದ್ಯಲ್ಲೋ. ಇನ್ಯಾವಾಗ ಕೊಡ್ತೀಯ ರಕ್ತ?"

"ಮುಂದಿನ ವಾರ" ಎಂದ ತೂಕಡಿಕೆ. ಸುಳ್ಳು ಹೇಳಲೂ ಅವನಿಗೆ ತ್ರಾಣವಿರಲಿಲ್ಲ.

"ವಾರಕ್ಕೊಂದ್ಸಲಾನಾ?" ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಪೆನ್ನೆತ್ತಿ, ಅವನ ಹೆಸರನ್ನು ಲಾರಿಗೆ ಹೊರೆ ಏರಿಸುವವರ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದ.