ಈಳಿಗೆಮಣೆಗೆ ಪಥ್ಯ

"ಇವತ್ತಿನಿಂದ ಈ ಮನೇಲಿ ಯಾರಿಗೆ ಏನೇ ಆಗ್ಲಿ, ತೋವಿನಕೆರೆಗೆ ಹೇಳಿಕಳಿಸೋ ಹಂಗಿಲ್ಲ! ವೈದ್ಯ ಇಲ್ಲೇ ಇದಾನೆ!"

ಮಧುಗಿರಿಯ ಇಂಗ್ಲಿಷ್ ಮೇಷ್ಟ್ರು ರೇಣುಕಯ್ಯನವರು ಎದೆ ತಟ್ಟಿಕೊಂಡು ಹೀಗೆ ಸಾರಿದಾಗ ಅವರ ಹೆಂಡತಿ ಕಮಲಾಕ್ಷಮ್ಮ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಎಲ್ಲಿದಾನೆ?" ಎಂದರು ಅಷ್ಟೆ.

ತೋವಿನಕೆರೆ ಕಮಲಾಕ್ಷಮ್ಮನ ತವರು. ಅವರ ತಂದೆ ಚನ್ನಮಲ್ಲಯ್ಯನವರು ಆ ಸೀಮೆಗೆಲ್ಲ ಹೆಸರಾದ ನಾಟಿ ವೈದ್ಯರು. ನಾಡಿ ಹಿಡಿದರೆ ಸಾಕು, ರೋಗಿ ಹಿಂದಿನ ದಿನ ಕದ್ದು ತಿಂದ ಬೋಂಡವನ್ನೂ ಹೇಳಿಬಿಡುತ್ತಾರೆಂದು ಪ್ರತೀತಿ. ರೇಣುಕಯ್ಯನವರು ಹೆಣ್ಣು ನೋಡಲು ಹೋದಾಗ ಆ ಮಹಾನುಭಾವರು ವರನ ವಿದ್ಯೆ ಕೇಳಲಿಲ್ಲ, ಸಂಬಳ ಕೇಳಲಿಲ್ಲ. ಕೈ ಹಿಡಿದು ನಾಡಿ ನೋಡಿ, "ಬದುಕ್ತಾನೆ, ಮಗಳನ್ನ ಕೊಡಬೋದು" ಎಂದರು. ಅಳಿಯನ ಬಗ್ಗೆ ಮಾವನ ಬಾಯಿಂದ ಬಂದ ಹೊಗಳಿಕೆ ಅಂದಿನಿಂದ ಇಂದಿನವರೆಗೂ ಅದೊಂದೇ!

ಸ್ಕೂಲಿನ ಇನ್‌ಸ್ಪೆಕ್ಟರು ಹೊಗಳಿದ್ದಾರೆ, ಅಮಲ್ದಾರರು ಕೈಕುಲುಕಿದ್ದಾರೆ. ಆದರೆ ರೇಣುಕಯ್ಯನವರ ಮನಸ್ಸಿಗೆ ಬೇಕಾದದ್ದು ಮಾವನ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು. ಮಧ್ಯಾಹ್ನದ ಜೊಂಪಿನಲ್ಲಿ ಆ ಮಾತು ಎಷ್ಟೋ ಸಲ ಕಿವಿಗೆ ಬಿದ್ದಿತ್ತು. ಕಣ್ಣು ಬಿಟ್ಟರೆ ನೊಣ ಗುಂಯ್‌ಗುಟ್ಟುತ್ತಿರುತ್ತಿತ್ತು.

ಈಗ ಆ ಮಾತಿಗೆ ದಾರಿ ಸಿಕ್ಕಿತ್ತು. ತುಮಕೂರಿನಲ್ಲಿ ಊರು ಬಿಟ್ಟು ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬರ ಬಂಗಲೆ ಸಾಮಾನು ಹರಾಜಾದಾಗ ಮೇಷ್ಟ್ರು ಒಂದು ಆರಾಮಕುರ್ಚಿ ಕೊಂಡರು. ಕುರ್ಚಿಯ ಒಂದು ಕಾಲು ಗಿಡ್ಡ. ಆ ಕಾಲಿಗೆ ಆನಿಸಲು ಇಟ್ಟಿದ್ದ ದಪ್ಪ ಪುಸ್ತಕವನ್ನೂ ಜೊತೆಗೆ ಕೊಟ್ಟರು. ಧೂಳು ಒರೆಸಿ ನೋಡಿದರೆ ವೈದ್ಯದ ಪುಸ್ತಕ! ಲಂಡನ್ನಿನಲ್ಲಿ ಅಚ್ಚಾಗಿ ಮುನ್ನೂರು ವರ್ಷಕ್ಕೆ ಹತ್ತಿರವಾಗಿತ್ತು.

ಅಂದಿನಿಂದ ಸಂಜೆ ಸ್ಕೂಲು ಬಿಟ್ಟ ಮೇಲೆ ಮೇಷ್ಟ್ರು ಭೂಲೋಕದಲ್ಲಿ ಇರುತ್ತಿರಲಿಲ್ಲ. ಬೆಟ್ಟದ ನೆರಳು ನಿಧಾನವಾಗಿ ಇಳಿದುಬಂದು ಕಿಟಕಿಯ ಹೊರಗೆ ಮಲಗುತ್ತಿತ್ತು. ಒಳಗೆ ಇವರು ಪುಟ ತಿರುವುತ್ತ ಲಂಡನ್ನಿನ ಔಷಧದಂಗಡಿಗಳಲ್ಲಿ ಅಲೆಯುತ್ತಿದ್ದರು. ಮುತ್ತಿನ ಪುಡಿ, ಒಂಟಿಕೊಂಬಿನ ಕುದುರೆಯ ಕೊಂಬು, ಆಡಿನ ಹೊಟ್ಟೆಯಲ್ಲಿ ಹುಟ್ಟುವ ಕಲ್ಲು! ಒಂದೊಂದು ಗಿಡಕ್ಕೂ ಒಂದೊಂದು ಗ್ರಹ ಅಧಿಪತಿ! ನಮ್ಮ ಪಂಚಾಂಗವೇ ಹಡಗು ಹತ್ತಿ ಹೋಗಿಬಂದ ಹಾಗಿತ್ತು. ಓಲೆಗರಿ ಹಳೆಯದಾದಷ್ಟೂ ಮದ್ದಿಗೆ ಗುಣ ಹೆಚ್ಚೆಂದು ಮಾವನವರೇ ಹೇಳುತ್ತಿದ್ದರಲ್ಲ! ಹಾಗಾದರೆ ಈ ಪುಸ್ತಕದ ಗುಣವೆಷ್ಟಿರಬೇಡ! ಆಸ್ಪತ್ರೆಯ ಡಾಕ್ಟರು ಓದಿರುವುದು ನಿನ್ನೆ ಮೊನ್ನೆಯ ಪುಸ್ತಕ, ಅದನ್ನು ನಂಬುವುದು ಹೇಗೆ? ಹೀಗೆ ಯೋಚಿಸಿಯೇ ಮೇಷ್ಟ್ರು ಎದೆ ತಟ್ಟಿಕೊಂಡಿದ್ದು.

ರೋಗಿ ಸಿಗಲು ತಡವಾಗಲಿಲ್ಲ. ಮರುದಿನವೇ ಸೋರೆಕಾಯಿ ಹೆಚ್ಚುವಾಗ ಕಮಲಾಕ್ಷಮ್ಮನ ಬೆರಳನ್ನು ಈಳಿಗೆಮಣೆ ಕಚ್ಚಿತು. ಅವರು ಅರಿಶಿನದ ಡಬ್ಬಿಗೆ ಕೈ ಹಾಕಿದರು.

"ಮುಟ್ಟಬೇಡ!" ಮೇಷ್ಟ್ರು ಪುಸ್ತಕ ಹಿಡಿದು ಹಾರಿಬಂದರು. "ಗಾಯಕ್ಕೆ ಏನೂ ಹಾಕ್ಕೂಡದು! ನೀರಲ್ಲಿ ತೊಳೆದು ಒಗೆದ ಬಟ್ಟೆ ಸುತ್ತಿ ಬಿಟ್ಬಿಡು. ಮದ್ದು ಹಾಕಬೇಕಾದ್ದು ಗಾಯ ಮಾಡಿದ ಆಯುಧಕ್ಕೆ!"

"ಯಾಕೆ? ಅದಕ್ಕೇನಾಗೈತೆ?"

"ಅದು ನಿನಗೆ ತಿಳಿಯಲ್ಲ. ಆಯುಧದ ಮೇಲೆ ನಿನ್ನ ರಕ್ತ ಇದೆ. ಅದನ್ನ ವಾಸಿ ಮಾಡಿದ್ರೆ ಇಲ್ಲಿ ಬೆರಳು ವಾಸಿಯಾಗುತ್ತೆ!"

"ಹಂಗಾದ್ರೆ ನಾಳೆಯಿಂದ ಈಳಿಗೆಮಣೆಗೇ ಊಟ ಬಡಿಸ್ತೀನಿ, ನಿಮ್ಮ ಹೊಟ್ಟೆ ತುಂಬುತ್ತಾ ನೋಡಾನ!"

ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಸ್ತಕದ ಲೇಪಕ್ಕೆ ಕರಡಿಯ ಕೊಬ್ಬು ಬೇಕು, ಹಳೆಯ ತಲೆಬುರುಡೆಯ ಮೇಲೆ ಬೆಳೆದ ಪಾಚಿ ಬೇಕು. ಲಿಂಗ ಕಟ್ಟಿದವರ ಮನೆಯಲ್ಲಿ ಇವೆಲ್ಲ ನಡೆಯುತ್ತವೆಯೆ? ಆದ್ದರಿಂದ ಕರಡಿಯ ಜಾಗಕ್ಕೆ ತುಪ್ಪ ಬಂತು, ತಲೆಬುರುಡೆಯ ಬದಲು ಬಾವಿಯ ಕಲ್ಲಿನ ಪಾಚಿ ಬಂತು. ಅಗಸೆ ಎಣ್ಣೆ, ಕೆಮ್ಮಣ್ಣು ಹಾಕಿ ಅರೆದಾಗ ಎದ್ದ ವಾಸನೆಗೆ ಬೆಕ್ಕು ಮನೆ ಬಿಟ್ಟಿತು. ಈಳಿಗೆಮಣೆಗೆ ಲೇಪ ಬಳಿದು, ಬಟ್ಟೆ ಸುತ್ತಿ, ಗಾಳಿ ಬಿಸಿಲು ತಾಗದಂತೆ ನಡುಮನೆಯ ಮೂಲೆಯಲ್ಲಿ ಚಾಪೆ ಹಾಸಿ ಮಲಗಿಸಿ ಕಂಬಳಿ ಹೊದಿಸಿದರು.

"ದಿಂಬು ಬ್ಯಾಡ್ವಾ?" ಎಂದರು ಕಮಲಾಕ್ಷಮ್ಮ.

"ಪುಸ್ತಕದಲ್ಲಿ ಹೇಳಿಲ್ಲ" ಎಂದರು ಮೇಷ್ಟ್ರು, ಗಂಭೀರವಾಗಿ.

ಈಳಿಗೆಮಣೆ ಹಾಸಿಗೆ ಹಿಡಿದ ಮೇಲೆ ಆ ಮನೆಯಲ್ಲಿ ಯಾವ ತರಕಾರಿಯನ್ನೂ ಹೆಚ್ಚಲಿಲ್ಲ. ಸಾರಿನಲ್ಲಿ ಬದನೆಕಾಯಿ ತೊಟ್ಟಿನ ಸಮೇತ ತೇಲಿತು. ಹುರುಳಿಕಾಯಿ ಉದ್ದುದ್ದವಾಗಿ ಬಾಯಿಂದ ಜೋತಾಡಿತು. ಕಮಲಾಕ್ಷಮ್ಮ ಕುಂಬಳಕಾಯಿಯನ್ನು ಎತ್ತಿ ಒರಳುಕಲ್ಲಿನ ಮೇಲೆ ಕುಕ್ಕಿದಾಗ ಆದ ಸದ್ದಿಗೆ ಪಕ್ಕದ ಮನೆಯ ಕೆಂಚಮ್ಮ ಗೋಡೆ ಬಿತ್ತೆಂದು ಓಡಿಬಂದಳು. ಬಂದವಳು ಕಂಬಳಿಯನ್ನೂ ನೋಡಿದಳು, ಬೆರಳನ್ನೂ ನೋಡಿದಳು. ಬೆರಳು ವಾರದೊಳಗೆ ಕೀವಿಲ್ಲದೆ, ಬಾವಿಲ್ಲದೆ ಕೂಡಿಕೊಂಡಿತ್ತು! ಸುದ್ದಿಯನ್ನು ಊರಿಗೆ ಹಂಚುವ ಕೆಲಸ ಕೆಂಚಮ್ಮನದಾಯಿತು.

ಮೊದಲು ಬಂದವನು ದೊಡ್ಡೇರಿಯ ರೈತ ಗಂಗಹನುಮಯ್ಯ. ಮೊಣಕಾಲ ಕೆಳಗೆ ಕುಡುಗೋಲು ತಗುಲಿತ್ತು. ಕುಡುಗೋಲನ್ನು ಹೊಸ ಟವಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಿದ್ದ. ಜೊತೆಗೆ ಕಾಯಿ, ಊದುಬತ್ತಿ!

"ಇವೆಲ್ಲ ಯಾಕಯ್ಯ? ಇದು ವೈದ್ಯ ಕಣಯ್ಯ!" ಎಂದರು ಮೇಷ್ಟ್ರು.

"ನಂಗೆ ಗೊತ್ತಿಲ್ವಾ ಸ್ವಾಮಿ? ಆಯುಧಪೂಜೇಲಿ ಇದುಕ್ಕೆ ಕುಂಕುಮ ಇಕ್ತೀವಿ, ಕಾಯಿ ಒಡೀತೀವಿ. ಈ ವರ್ಸ ಮರ್ತ್‌ಬುಟ್ಟೆ. ಮುನುಸ್ಕಂಡು ಕಚ್‌ಬುಡ್ತು! ಇದರ ಮುನುಸು ಇಳಿಸಿದ್ರೆ ಕಾಲು ವಾಸಿಯಾಗಾಕಿಲ್ವಾ? ನಿಮ್ಮ ಬುಕ್ಕು ಬರ್ದೋನು ಯಾರೋ ನಮ್ಮೋನೇ ಬುಡಿ!"

ಮೇಷ್ಟ್ರಿಗೆ ರೋಮಾಂಚನವಾಯಿತು. ಲಂಡನ್ನಿಗೂ ದೊಡ್ಡೇರಿಗೂ ನಡುವೆ ತಾವೊಂದು ಸೇತುವೆ ಕಟ್ಟಿದಂತೆ ಕಂಡಿತು. ಗಂಗಹನುಮಯ್ಯನ ಕಾಲು ತೊಳೆದು ಬಿಟ್ಟರು, ಕುಡುಗೋಲನ್ನು ಈಳಿಗೆಮಣೆಯ ಪಕ್ಕ ಮಲಗಿಸಿದರು. ಕಾಲೂ ಮಾಗುತ್ತ ಬಂತು!

ಆಮೇಲೆ ಕೇಳಬೇಕೆ? ಮಚ್ಚು ಬಂತು, ಗುದ್ದಲಿ ಬಂತು, ಯಾರದೋ ಕಾಲಿನ ಮೇಲೆ ಹಾದ ಗಾಡಿಯ ಗಾಲಿ ಉರುಳಿಬಂತು. ಗುಮ್ಮಿದ ಟಗರನ್ನೇ ಎಳೆದುಕೊಂಡು ಬಂದರು. ಅದರ ಕೊಂಬಿಗೆ ಲೇಪ ಬಳಿದು ಪಟ್ಟಿ ಸುತ್ತಿದರೆ ಅದು ಪಟ್ಟಿ ಬಿಚ್ಚಿಕೊಂಡು ತಿಂದು ಕೆಂಚಮ್ಮನನ್ನೂ ಗುಮ್ಮಿತು. ಹುಣಿಸೆಮರದಿಂದ ಬಿದ್ದವನೊಬ್ಬ ಕುಂಟುತ್ತ ಬಂದಾಗ ಮಾತ್ರ ಮೇಷ್ಟ್ರು ಬೆಟ್ಟ ನೋಡುತ್ತ ಬಹಳ ಹೊತ್ತು ಯೋಚನೆಯಲ್ಲಿ ಮುಳುಗಿದರು. ಬೀಳಿಸಿದ್ದು ಮರ ನಿಜ, ಆದರೆ ಪೆಟ್ಟು ಕೊಟ್ಟದ್ದು ನೆಲ. ನೆಲವೆಂದರೆ ಮಧುಗಿರಿ ತಾಲ್ಲೂಕು. ತಾಲ್ಲೂಕಿಗೆಲ್ಲ ಬಳಿಯುವಷ್ಟು ತುಪ್ಪ ಮನೆಯಲ್ಲಿರಲಿಲ್ಲ.

"ಇರೋ ತುಪ್ಪಾನೂ ಗುದ್ದಲಿ ತಿಂದ್‌ಬುಡ್ತು. ಸಾರಿಗೆ ಒಗ್ಗರಣೆ ಯಾವುದರಲ್ಲಿ ಹಾಕ್ಲಿ?" ಎಂದು ಕಮಲಾಕ್ಷಮ್ಮ ಗೊಣಗಿದರು. "ಬೆರಳು ಎಂದೋ ವಾಸಿಯಾಯ್ತಲ್ಲ, ನನ್ನ ಈಳಿಗೆಮಣೆನಾದ್ರೂ ಎಬ್ಬಿಸ್ರೀ!"

"ಗುಣವಾದ ಮೇಲೂ ಕೆಲವು ದಿನ ಪಥ್ಯ ಇರಬೇಕು" ಎಂದರು ವೈದ್ಯರು.

ಸುದ್ದಿ ಕೊರಟಗೆರೆ ದಾಟಿ ತೋವಿನಕೆರೆಗೂ ಮುಟ್ಟಿತು. ಚನ್ನಮಲ್ಲಯ್ಯನವರು ಅಳಿಯನ ವೈದ್ಯ ನೋಡಲು ಭಾನುವಾರದ ಮೋಟಾರಿನಲ್ಲಿ ಬರುತ್ತೇನೆಂದು ಹೇಳಿಕಳಿಸಿದರು. ಮೇಷ್ಟ್ರಿಗೆ ನೆಲ ಕಾಲಿಗೆ ತಾಗದಂತಾಯಿತು. ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಜರಿಪೇಟ ಸುತ್ತಿ, ಪುಸ್ತಕ ತೆರೆದುಕೊಂಡು ನಡುಮನೆಯಲ್ಲಿ ಶತಪಥ ತಿರುಗಿದರು. ಕಣ್ಣು ಪುಟದ ಮೇಲಿದ್ದರೂ ಮನಸ್ಸು ಮೈಸೂರಿನಲ್ಲಿತ್ತು. ಅರಮನೆಯ ಕತ್ತಿ ಕಠಾರಿಗಳೆಲ್ಲ ರೇಷ್ಮೆ ಹಾಸಿಗೆಯ ಮೇಲೆ ಸಾಲಾಗಿ ಮಲಗಿವೆ. ತಾವು ಒಂದೊಂದಕ್ಕೂ ಪಟ್ಟಿ ಸುತ್ತುತ್ತಿದ್ದಾರೆ. ಪಕ್ಕದಲ್ಲಿ ಮಾವನವರು ಲೇಪದ ಬಟ್ಟಲು ಹಿಡಿದು ನಿಂತಿದ್ದಾರೆ. ದೂರದಲ್ಲಿ ಎಲ್ಲೋ ಸನಾಯಿ ಊದುತ್ತಿದ್ದಾರೆ. ಆಹಾ!

"ಅಪ್ಪಯ್ಯ ಬಂದ್ರು!" ಎಂದು ಕಮಲಾಕ್ಷಮ್ಮ ಕೂಗಿದ್ದು ಆ ಸನಾಯಿಯ ಜೊತೆಗೇ ಕೇಳಿಸಿತು. ಮೇಷ್ಟ್ರು ಅರಮನೆಯಿಂದಲೇ ನೇರವಾಗಿ ಬಾಗಿಲಿಗೆ ಧಾವಿಸಿದರು. ಜರಿಪೇಟ ಕಳಚಿ ಹಿಂದೆ ಬಿತ್ತು. ಗಿಡ್ಡ ಬಾಗಿಲು, ತಲೆ ತಗ್ಗಿಸಿ ನುಗ್ಗಿದರು. ಹೊರಗಿನಿಂದ ಚನ್ನಮಲ್ಲಯ್ಯನವರೂ ತಲೆ ತಗ್ಗಿಸಿ ಒಳಗೆ ಬರುತ್ತಿದ್ದರು.

ಢಣ್!

ಮಾವನವರು ಜಗುಲಿಯ ಮೇಲೆ ಕುಸಿದು ಕೂತರು. ಹಣೆಯ ಮೇಲೆ ನಿಂಬೆಕಾಯಿಯಷ್ಟು ಬೋರೆ ಎದ್ದಿತು. ಕಮಲಾಕ್ಷಮ್ಮ ತಣ್ಣೀರು ಬಟ್ಟೆ ತಂದರು. ಕುಡುಗೋಲಿನ ಯೋಗಕ್ಷೇಮ ವಿಚಾರಿಸಲು ಬಂದಿದ್ದ ಗಂಗಹನುಮಯ್ಯ ಅಡ್ಡ ಬಂದ.

"ಗಾಯಕ್ಕೆ ಕೈ ಇಕ್‌ಬ್ಯಾಡಿ ಕಣಮ್ಮ! ಮದ್ದು ಆಯುಧಕ್ಕೆ! ಆಯುಧ ಯಾವುದು, ತೋರ್ಸಿ!"

ಎಲ್ಲರ ಕಣ್ಣೂ ನಿಧಾನವಾಗಿ ಮೇಷ್ಟ್ರ ಕಡೆ ತಿರುಗಿತು.

"ಬಾಗಿಲು... ಬಾಗಿಲುವಾಡ ಇರಬೇಕು..." ಎಂದರು ಮೇಷ್ಟ್ರು.

"ಬಾಗಿಲುವಾಡ ಅಲ್ಲ ಕಣ್ರೀ, ನಿಮ್ಮ ತಲೆ. ನಾನೇ ನೋಡಿದ್ನಲ್ಲ!" ಎಂದರು ಕಮಲಾಕ್ಷಮ್ಮ. ಅವರ ದನಿಯಲ್ಲಿ ಹಬ್ಬದ ಕಳೆ ಬಂದಿತ್ತು.

ಚನ್ನಮಲ್ಲಯ್ಯನವರು ಒಂದು ಕಣ್ಣು ತೆರೆದರು. "ಅಳಿಯಂದಿರೆ, ನಾನು ಹಳ್ಳಿ ವೈದ್ಯ, ಇಂಗ್ಲೀಸು ಬರಾಕಿಲ್ಲ. ನೀವೇ ಹೇಳಿ. ನಿಮ್ಮ ಪುಸ್ತಕದ ವೈದ್ಯ ನಿಜವೋ, ಸುಳ್ಳೋ?"

ಮೇಷ್ಟ್ರು ಲೆಕ್ಕ ಹಾಕಿದರು. ಸುಳ್ಳೆಂದರೆ ಕೀರ್ತಿಯೆಲ್ಲ ಗಂಗಹನುಮಯ್ಯನ ಕಣ್ಣೆದುರೇ ಮಣ್ಣುಪಾಲು, ಮಾವನ ಎದುರು ತಲೆ ಎತ್ತುವ ಹಾಗಿಲ್ಲ. ನಿಜವೆಂದರೆ ತಮ್ಮ ಗತಿ ಮುಗಿಯಿತು. ಒಂದು ಒಳ್ಳೆಯ ಮಾತಿಗಾಗಿ ಇಷ್ಟು ವರ್ಷ ಕಾದ ಮನುಷ್ಯ ಕಣ್ಣು ಮುಚ್ಚಿಕೊಂಡು, "ನಿಜ" ಎಂದುಬಿಟ್ಟರು.

"ಹಂಗಾದ್ರೆ ಲೇಪ ತಾರಮ್ಮ" ಎಂದರು ಮಾವ.

ಪಾಚಿ, ಕೆಮ್ಮಣ್ಣು, ಅಗಸೆ ಎಣ್ಣೆಯ ಲೇಪವನ್ನು ಕಮಲಾಕ್ಷಮ್ಮ ಗಂಡನ ತಲೆಗೆ ಧಾರಾಳವಾಗಿ ಮೆತ್ತಿದರು. ಪಟ್ಟಿ ಜಾರದಿರಲೆಂದು ಗಲ್ಲದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಬಿಗಿದು ಗಂಟು ಹಾಕಿದರು. ಬಾಯಿ ಗಂಜಿ ಕುಡಿಯುವಷ್ಟು ಮಾತ್ರ ತೆರೆಯುತ್ತಿತ್ತು. ನಡುಮನೆಯ ಮೂಲೆಯಲ್ಲಿ ಜಾಗ ಸಾಲದೆಂದು ಈಳಿಗೆಮಣೆಯನ್ನು ಎಬ್ಬಿಸಿ ಅಡುಗೆಮನೆಗೆ ಕಳಿಸಿದರು. ಕುಡುಗೋಲಿಗೂ ಗುದ್ದಲಿಗೂ ನಡುವೆ ಮೇಷ್ಟ್ರು ಮಲಗಿದರು. ಮೇಲೆ ಕಂಬಳಿ. ಆಹಾರ ಉಪ್ಪಿಲ್ಲದ ಗಂಜಿ. ಅವಧಿ, ಮಾವನವರ ಹಣೆ ವಾಸಿಯಾಗುವವರೆಗೆ. ಸ್ಕೂಲಿಗೆ ರಜೆಯ ಅರ್ಜಿ ಹೋಯಿತು.

ಮಾವನವರ ಹಣೆಗೆ ಅವಸರವೇ ಇರಲಿಲ್ಲ. ದಿನವೂ ಹೋಳಿಗೆಯೂಟ, ಸಣ್ಣಗೆ ಹೆಚ್ಚಿದ ಕೋಸಂಬರಿ. ಉಂಡು ಕೈತೊಳೆದು ಬಂದು ಹಣೆ ಮುಟ್ಟಿಕೊಂಡು, "ಇನ್ನೂ ಮಿಡೀತೈತೆ ಕಣಮ್ಮ" ಎನ್ನುತ್ತಿದ್ದರು. ಮೂಲೆಯಲ್ಲಿ ಮೇಷ್ಟ್ರಿಗೆ ಮೊದಮೊದಲು ಅಳು ಬರುವಷ್ಟು ಅವಮಾನವಾಗುತ್ತಿತ್ತು. ಆಮೇಲೆ ಅದೂ ಕರಗಿತು. ಕಿಟಕಿಯ ಬಿಸಿಲು ನೆಲದ ಮೇಲೆ ತೆವಳುತ್ತಿತ್ತು, ಹೂರಣದ ಘಮ ತೇಲಿಬರುತ್ತಿತ್ತು, ಕುಡುಗೋಲು ಪಕ್ಕದಲ್ಲಿ ತಣ್ಣಗೆ ಮಲಗಿತ್ತು. ಕೊನೆಕೊನೆಗೆ ಮೇಷ್ಟ್ರಿಗೆ ತಾವು ಮನುಷ್ಯರೋ ಆಯುಧವೋ ಎಂಬುದೇ ಸರಿಯಾಗಿ ನೆನಪಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಂಥ ಜೊಂಪಿನಲ್ಲಿದ್ದಾಗ ಮಾವನವರು ಬಂದು ಪಕ್ಕದಲ್ಲಿ ಕೂತರು. ಬೋರೆ ಇಳಿದು ಹಣೆ ನುಣ್ಣಗಾಗಿತ್ತು. ಕಂಬಳಿಯೊಳಗಿನಿಂದ ಅಳಿಯನ ಕೈ ತೆಗೆದು ನಾಡಿ ಹಿಡಿದರು.

"ಅಳಿಯಂದಿರೆ, ಬಾಯ್ತುಂಬ ಹೇಳ್ತೀನಿ. ಪೂರ್ತಿ ವಾಸಿಯಾಯ್ತು. ಒಳ್ಳೆ ವೈದ್ಯ ನಿಮ್ಮದು! ನನ್ನ ಕೈಲೂ ಇಂಗೆ ಆಗ್ತಿರಲಿಲ್ಲ."

ಕನಸಲ್ಲ! ನೊಣವೂ ಇರಲಿಲ್ಲ! ಮೇಷ್ಟ್ರ ಕಣ್ಣು ತುಂಬಿತು. ಕೃತಜ್ಞತೆಯಿಂದ ಏನೋ ಹೇಳಲು ಹೋದರು. ಗಲ್ಲದ ಪಟ್ಟಿಯೊಳಗಿನಿಂದ "ಮ್‌ಮ್" ಎಂದಷ್ಟೇ ಬಂತು.

ಅಷ್ಟರಲ್ಲಿ ಅಡುಗೆಮನೆಯಿಂದ ಕಮಲಾಕ್ಷಮ್ಮ ಲಟ್ಟಣಿಗೆ ಹಿಡಿದುಕೊಂಡೇ ಓಡಿಬಂದರು.

"ಅಪ್ಪಯ್ಯ, ನಿಮ್ಮ ದಮ್ಮಯ್ಯ, ವಾಸಿಯಾಯ್ತು ಅನ್ನಬ್ಯಾಡಿ! ಇನ್ನೂ ನಾಕು ದಿನ ನೋಯ್ತೈತೆ ಅನ್ನಿ. ಮದುವೆಯಾದಾಗಿನಿಂದ ಇವರು ಇಷ್ಟು ಹೊತ್ತು ಬಾಯಿ ಮುಚ್ಕಂಡು ಒಂದು ಕಡೆ ಇರೋದು ಇದೇ ಮೊದಲು!"

ಚನ್ನಮಲ್ಲಯ್ಯನವರು ಮಗಳ ಮುಖ ನೋಡಿದರು, ಅಳಿಯನ ಮುಖ ನೋಡಿದರು. ಹಿಡಿದಿದ್ದ ಕೈಯನ್ನು ಮೆಲ್ಲಗೆ ಕಂಬಳಿಯೊಳಗೆ ಸೇರಿಸಿ, ಹಣೆ ಒತ್ತಿ ಹಿಡಿದುಕೊಂಡರು.

"ಅಯ್ಯಯ್ಯೋ, ಹೌದು ಕಣಮ್ಮ! ಮತ್ತೆ ಮಿಡಿಯಾಕೆ ಸುರುವಾಯ್ತು. ಪಟ್ಟಿ ಇನ್ನೊಸಿ ಬಿಗಿ ಮಾಡು!"