ರೆಪ್ಪೆ ಬಡಿಯದ ದಿನ

ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತರಿಗೆ ಕ್ಯಾಮೆರಾ ಕಂಡರೆ ಸಾಕು, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮದುವೆಯ ಆಲ್ಬಮ್ಮಿನಲ್ಲಂತೂ, ನಿದ್ದೆಯಲ್ಲಿದ್ದ ಮನುಷ್ಯನನ್ನು ಎತ್ತಿಕೊಂಡು ಬಂದು ಮದುವೆ ಮಾಡಿಸಿದ ಹಾಗಿದ್ದರು. ಈಗ ಮೇಲಿನವರ ಅಪ್ಪಣೆಯಾಗಿತ್ತು: ಪ್ರತಿ ಕಿಟಕಿಯ ಮೇಲೂ ಅಲ್ಲಿ ಕೂರುವವರ ದೊಡ್ಡ ಫೋಟೋ ಇರಬೇಕು.

“ಈ ಸಲನಾದ್ರೂ ಕಣ್ಣು ಬಿಡ್ರೀ. ನನ್ನ ಗಂಡಂಗೂ ಎರಡು ಕಣ್ಣಿದೆ ಅಂತ ನಮ್ಮಕ್ಕಂಗೆ ತೋರಿಸ್ಬೇಕು. ಸಂಜೆ ನಾನೇ ಬಂದು ನೋಡ್ತೀನಿ” ಎಂದರು ಹೆಂಡತಿ.

ಪರದೆ, ದೀಪ, ಸ್ಟೂಲು ಇರುತ್ತವೆ, ಒಂದು ಗಳಿಗೆ ಕಣ್ಣು ಬಿಟ್ಟರಾಯಿತು ಎಂದುಕೊಂಡೇ ಗುಮಾಸ್ತರು ಹೋದರು. ಫೋಟೋ ತೆಗೆಯುವ ಹುಡುಗಿಯ ಕೈಯಲ್ಲಿ ಪುಟ್ಟ ಕ್ಯಾಮೆರಾ ಬಿಟ್ಟರೆ ಏನೂ ಇರಲಿಲ್ಲ.

“ಈಗೆಲ್ಲ ಹಾಗೆ ಕೂರಿಸಿ ತೆಗೆಯಲ್ಲ ಸರ್. ನಿಮ್ಮ ಪಾಡಿಗೆ ಕೆಲಸ ಮಾಡ್ತಿರಿ. ನೀವು ಮೈಮರೆತಾಗ ತೆಗೀತೀನಿ.”

“ಯಾವಾಗ?”

“ಹೇಳಿಬಿಟ್ರೆ ಮುಖ ಸುಳ್ಳು ಹೇಳುತ್ತೆ.”

ಗುಮಾಸ್ತರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಯಾವಾಗೆಂದು ತಿಳಿಯದಿದ್ದರೆ ದಿನವಿಡೀ ಕಣ್ಣು ಬಿಟ್ಟುಕೊಂಡೇ ಇರಬೇಕಲ್ಲ!

ಬಿಟ್ಟುಕೊಂಡೇ ಇದ್ದರು. ಕಿಟಕಿಗೆ ಬಂದ ಹೆಂಗಸು, “ಯಾಕಪ್ಪಾ ಹಾಗೆ ನುಂಗೋ ಥರ ನೋಡ್ತೀಯ? ನೀರು ಕೇಳಿದ್ದೇ ತಪ್ಪಾಯ್ತಾ?” ಎಂದು ದೂರು ಕೊಡದೆ ಹೊರಟುಹೋದಳು. ಪಕ್ಕದ ಕ್ಯಾಷಿಯರು, “ಹುಬ್ಬು ಮೇಲೆತ್ತಿ ಸ್ವಾಮಿ, ರೆಪ್ಪೆ ತಾನಾಗಿ ನಿಲ್ಲುತ್ತೆ” ಎಂದರು. ಟೈಪಿಸ್ಟ್ ಅಮ್ಮ ಗಳಿಗೆಗೊಮ್ಮೆ, “ಬಂದ್ಳು, ಬಂದ್ಳು!” ಎಂದು ಎಚ್ಚರಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಡವಾಗಿ ಧಾರಾಕಾರ ನೀರು ಸುರಿಯತೊಡಗಿತು. ಊರಿಗೇ ನೀರಿಲ್ಲದಾಗ ನಮ್ಮ ಕಚೇರಿಯಲ್ಲಿ ಇದೊಂದೇ ನಲ್ಲಿ ಬರ್ತಿದೆ ಎಂದು ಕ್ಯಾಷಿಯರು ನಕ್ಕರು. ಪಾಪ, ಗುಮಾಸ್ತರು ಜಗ್ಗಲಿಲ್ಲ. ಹೆಂಡತಿ ಅವರಲ್ಲಿ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದೇ ಅಪರೂಪ.

ಸಂಜೆ ಹುಡುಗಿ ಬಂದು ನಕ್ಕಳು. “ನಿಮ್ಮದು ಬೆಳಿಗ್ಗೆನೇ ಆಯ್ತು ಸರ್. ಕಣ್ಣು ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ!”

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಕುರ್ಚಿಗೊರಗಿ, ಹಾಯಾಗಿ ಉಸಿರುಬಿಟ್ಟು, ಆ ದಿನ ಮೊದಲ ಸಲ ಕಣ್ಣು ಮುಚ್ಚಿದರು.

ಕ್ಲಿಕ್!

“ಅಬ್ಬಾ! ಇದು ನೋಡಿ ನಿಜವಾದ ಮುಖ!” ಹುಡುಗಿ ಕುಣಿದಾಡಿಬಿಟ್ಟಳು. ಮ್ಯಾನೇಜರಿಗಂತೂ ಇನ್ನೂ ಖುಷಿ. “ಎಂಥಾ ಶಾಂತಿ ಕಣ್ರೀ! ಸಿಟ್ಟಾಗಿ ಬಂದವರೂ ತಣ್ಣಗಾಗ್ತಾರೆ. ಇದನ್ನೇ ಹಾಕ್ಸಿ.”

“ಬೆಳಗಿಂದು ಹಾಕಮ್ಮಾ, ನಿಂಗೆ ಕೈ ಮುಗೀತೀನಿ!”

“ಅದನ್ನ ಆಗಲೇ ಅಳಿಸಿಬಿಟ್ಟೆ ಸರ್. ಇದರ ಮುಂದೆ ಅದೇನು ಮಹಾ!”

ಹೆಂಡತಿ ಬರುವ ಹೊತ್ತಿಗೆ ‘ದೂರುಗಳು’ ಎಂಬ ಹಲಗೆಯ ಪಕ್ಕದಲ್ಲೇ, ಎದುರಿನ ಅಂಗಡಿಯಲ್ಲಿ ಆಗಲೇ ಮುದ್ರಿಸಿ ತಂದ ಫೋಟೋದಲ್ಲಿ, ಬಾಗಿಲಗಲದ ಗುಮಾಸ್ತರು ಸುಖವಾಗಿ ಕಣ್ಣು ಮುಚ್ಚಿಕೊಂಡಿದ್ದರು. ಖಾಲಿ ಕೊಡ ಹಿಡಿದು ದೂರು ಕೊಡಲು ಬಂದಿದ್ದ ಮುದುಕರೊಬ್ಬರು ಅದನ್ನೇ ದಿಟ್ಟಿಸಿ ನೋಡಿ, ಪಕ್ಕದಲ್ಲಿ ನಿಂತಿದ್ದ ಆಕೆಗೆ ಹೇಳಿದರು:

“ನೋಡಮ್ಮಾ, ನಮ್ಮನೆ ನಲ್ಲೀಲಿ ಯಾಕೆ ನೀರು ಬರಲ್ಲ ಅಂತ ಇವತ್ತು ಗೊತ್ತಾಯ್ತು.”

ಆಕೆ ಗಂಡನ ಊದಿಕೊಂಡ ಕಣ್ಣನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿ ನಿಟ್ಟುಸಿರಿಟ್ಟರು.

“ಸರದೀಲಿ ನನ್ನ ಹಿಂದೆ ನಿಂತ್ಕೊಳ್ಳಿ ತಾತ. ಮೊದಲ ದೂರು ನಂದು.”